ಮಧ್ಯಾಹ್ನದ ಪಿಶಾಚಿಗೆ ಮುಂಜಾನೆಯೇ ಬರೆದಿಟ್ಟ ಉತ್ತರ

ಕರ್ತನ ಪ್ರಾರ್ಥನೆಯಲ್ಲಿ ದಿನಕ್ಕೊಮ್ಮೆಯಾದರೂ ನಮ್ಮ ಬಾಯಲ್ಲಿ ಬರುವ ಮಾತು, ನಮ್ಮನ್ನು ಶೋಧನೆಯೊಳಗೆ ಸೇರಿಸಬೇಡ ಎನ್ನುವುದು. ಕನ್ನಡದಲ್ಲಿ ಈ ಶೋಧನೆ ಎಂಬ ಪದಕ್ಕೆ ಎಷ್ಟೊಂದು ಕೆಲಸ! ಅಕ್ಕಸಾಲಿಗ ಚಿನ್ನವನ್ನು ಶೋಧಿಸುತ್ತಾನೆ, ಅಜ್ಜಿ ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುತ್ತಾಳೆ, ಪೊಲೀಸರು ಮನೆಯನ್ನು ಶೋಧಿಸುತ್ತಾರೆ. ಹೊಸ ಒಡಂಬಡಿಕೆಯ ಗ್ರೀಕ್ ಪದವಾದ ‘ಪೈರಾಸ್ಮೋಸ್’ ಕೂಡ ಹೀಗೆಯೇ, ಪರೀಕ್ಷೆ ಮತ್ತು ಪ್ರಲೋಭನೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಒಳಗೆ ಏನಿದೆ ಎಂದು ತಡಕಿ ನೋಡುವ ಗಳಿಗೆ ಅದು. ತಡಕುವವನಿಗೆ ಏನು ಸಿಗುತ್ತದೆ ಎಂಬುದು ಆ ಗಳಿಗೆಗೆ ಮುಂಚೆ ನಾವು ಒಳಗೆ ಏನು ತುಂಬಿಸಿಟ್ಟಿದ್ದೆವು ಎಂಬುದರ ಮೇಲೆ ನಿಂತಿದೆ.

ಈ ‘ಮುಂಚೆ’ ಎಂಬ ಮಾತಿನ ಬಗ್ಗೆಯೇ ಈ ಬರಹ. ಶೋಧನೆಯನ್ನು ಎದುರಿಸುವುದು ಹೇಗೆ ಎಂದು ಕೇಳುವವರು ಬಹುಪಾಲು ಅದು ಬಂದ ಕ್ಷಣದ ಬಗ್ಗೆ ಕೇಳುತ್ತಾರೆ. ಆ ಕ್ಷಣದಲ್ಲಿ ಮಾಡಬಹುದಾದದ್ದು ಬಹಳ ಕಡಿಮೆ. ಪೇತ್ರನನ್ನು ನೋಡಿ. ಅವನು ಬಿದ್ದದ್ದು ಮಹಾಯಾಜಕನ ಅಂಗಳದಲ್ಲಿ, ಒಬ್ಬ ದಾಸಿಯ ಪ್ರಶ್ನೆಗೆ. ಆದರೆ ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂಬ ಮಾತು ಅವನಿಗೆ ಸಿಕ್ಕಿದ್ದು ಅದೇ ರಾತ್ರಿ, ಅದಕ್ಕೂ ಮೊದಲು, ಗೆತ್ಸೇಮನೆಯಲ್ಲಿ. ಒಂದು ಗಂಟೆಯಾದರೂ ಎಚ್ಚರವಾಗಿರಲಾರಿರಾ ಎಂದು ಯೇಸುಸ್ವಾಮಿ ಕೇಳಿದಾಗ ಅವನು ನಿದ್ದೆಯಲ್ಲಿದ್ದ. ಅಂಗಳದಲ್ಲಿ ಅವನಿಗೆ ಧೈರ್ಯ ಸಾಲಲಿಲ್ಲ ಎನ್ನುತ್ತೇವೆ. ಸಾಲದೆ ಹೋದದ್ದು ತೋಟದಲ್ಲಿ ನಿದ್ದೆಗೆ ಹೋದ ಆ ಗಂಟೆ.

ಇದರ ಎದುರಿಗೆ ಮತ್ತಾಯ 4ನೇ ಅಧ್ಯಾಯವನ್ನು ಇಟ್ಟು ಓದಬೇಕು. ನಲವತ್ತು ದಿನದ ಉಪವಾಸ, ಹಸಿವು, ಒಂಟಿತನ. ಮೂರು ಶೋಧನೆಗಳಿಗೂ ಯೇಸುಸ್ವಾಮಿ ಕೊಟ್ಟ ಉತ್ತರ ಧರ್ಮೋಪದೇಶಕಾಂಡದಿಂದ: 8:3, 6:16, 6:13. ಮೂರೂ ಎರಡೇ ಅಧ್ಯಾಯಗಳ ಅಂತರದಲ್ಲಿವೆ. ‘ಇಸ್ರಾಯೇಲ್ಯರೇ, ಕೇಳಿರಿ’ ಎಂದು ಆರಂಭವಾಗುವ ಭಾಗ, ಮಲಗುವಾಗಲೂ ಏಳುವಾಗಲೂ ಮನೆಯಲ್ಲಿ ಮಾತಾಡಿಕೊಳ್ಳಿರಿ ಎಂದು ಅಪ್ಪಣೆಯಾದ ಭಾಗ, ಇದೇ 6ನೇ ಅಧ್ಯಾಯ. ಅಂದರೆ ಅರಣ್ಯದಲ್ಲಿ ಹೊರಬಂದದ್ದು ಪ್ರತಿದಿನ ನಾಲಿಗೆಯ ಮೇಲೆ ಆಡುತ್ತಿದ್ದ ಮಾತಿನ ಪಕ್ಕದ ಮಾತು. ಸೈತಾನನೂ ಒಂದು ವಚನವನ್ನು ತಂದಿದ್ದ, ಕೀರ್ತನೆ 91ರಿಂದ. ‘ನಿನ್ನ ಮಾರ್ಗಗಳಲ್ಲೆಲ್ಲಾ’ ಎಂಬ ತುಣುಕನ್ನು ಬಿಟ್ಟು. ಸಿಂಹ ಸರ್ಪಗಳನ್ನು ತುಳಿಯುವ ಮುಂದಿನ ವಚನದವರೆಗೂ ಅವನು ಹೋಗಲಿಲ್ಲ.

ಈ ಪುಟವನ್ನು ಅಕ್ಷರಶಃ ತೆಗೆದುಕೊಂಡು ಅದರ ಮೇಲೆ ಒಂದು ಇಡೀ ಅಭ್ಯಾಸವನ್ನೇ ಕಟ್ಟಿದವರು ನಾಲ್ಕನೇ ಶತಮಾನದ ಸನ್ಯಾಸಿ ಎವಾಗ್ರಿಯಸ್. ಕಪ್ಪು ಸಮುದ್ರದ ತೆಂಕಣ ಕರೆಯ ಪೊಂತದಲ್ಲಿ ಸುಮಾರು 345ರಲ್ಲಿ ಹುಟ್ಟಿದವರು. ಕಾನ್‌ಸ್ಟಾಂಟಿನೋಪಲಿನಲ್ಲಿ ಹೆಸರಾಂತ ಬೋಧಕರಾಗಿದ್ದಾಗ ದೊಡ್ಡ ಅಧಿಕಾರಿಯೊಬ್ಬನ ಹೆಂಡತಿಯ ಮೋಹಕ್ಕೆ ಸಿಕ್ಕರು. ಊರು ಬಿಟ್ಟು ಯೆರೂಸಲೇಮಿಗೆ ಓಡಿದರೂ ಮನಸ್ಸು ಮತ್ತೆ ಹಳೆಯ ಸೊಗಸಿಗೇ ತಿರುಗಿತು. ಅಲ್ಲಿ ಆರು ತಿಂಗಳು ಜ್ವರದಲ್ಲಿ ಮಲಗಿದರು. ಮೆಲಾನಿಯಾ ಎಂಬ ಭಕ್ತೆಯ ಮುಂದೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡ ಮೇಲೆಯೇ ಅವರು ಎದ್ದದ್ದು. ಆಮೇಲೆ ಐಗುಪ್ತದ ನಿಟ್ರಿಯಾದಲ್ಲಿ ಎರಡು ವರ್ಷ, ಕೆಲ್ಲಿಯಾ ಎಂಬ ಏಕಾಂತ ಗುಡಿಸಲುಗಳ ಮರಳುಗಾಡಿನಲ್ಲಿ ಸುಮಾರು ಹದಿನಾಲ್ಕು ವರ್ಷ. 399ರಲ್ಲಿ ಅಲ್ಲಿಯೇ ತೀರಿಕೊಂಡರು. ಆತ್ಮಗಳ ಆದಿಯ ಬಗ್ಗೆ ಅವರು ಮಾಡಿದ ಕೆಲವು ಊಹೆಗಳನ್ನು 553ರಲ್ಲಿ ಸಭೆ ತಳ್ಳಿಹಾಕಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕೆಟ್ಟ ಯೋಚನೆ ಹೇಗೆ ನಡೆದು ಬರುತ್ತದೆ ಎಂದು ಅವರು ನೋಡಿ ಬರೆದದ್ದನ್ನು ಪೂರ್ವ ಪಶ್ಚಿಮಗಳ ಸಭೆಗಳೆರಡೂ ಉಳಿಸಿಕೊಂಡವು. ‘ಏಳು ಮಾರಕ ಪಾಪಗಳು’ ಎಂಬ ಪಟ್ಟಿಯ ಮೂಲವೇ ಅವರ ಎಂಟು ಯೋಚನೆಗಳು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಅಹಂಕಾರ.

ಅವರ ಪುಸ್ತಕಗಳಲ್ಲಿ ಒಂದಕ್ಕೆ ‘ಎದುರುತ್ತರ’ ಎಂಬ ಅರ್ಥದ ಹೆಸರು. ಗ್ರೀಕ್ ಮೂಲ ಕಳೆದುಹೋಗಿ ಸಿರಿಯಕ್ ಭಾಷೆಯಲ್ಲಿ ಉಳಿದಿದೆ. ಎಂಟು ಯೋಚನೆಗಳಿಗೆ ಎಂಟು ಭಾಗ. ಒಟ್ಟು ಐನೂರರ ಆಸುಪಾಸು ನಮೂದುಗಳು. ಪ್ರತಿಯೊಂದರ ರೂಪವೂ ಒಂದೇ: ಹೀಗೆ ಹೀಗೆ ಹೇಳುವ ಯೋಚನೆಗೆ ಎದುರಾಗಿ, ಇಗೋ ಈ ವಚನ. ಯಾಕೆ ಇಷ್ಟು ಕಷ್ಟಪಟ್ಟರು ಎಂಬುದಕ್ಕೆ ಮುನ್ನುಡಿಯಲ್ಲಿ ಅವರು ಕೊಡುವ ಕಾರಣ ಬಲು ಸರಳ. ಹೋರಾಟದ ಗಳಿಗೆಯಲ್ಲಿ ಬೇಕಾದ ಮಾತು ಬೇಗ ಕೈಗೆ ಸಿಗುವುದಿಲ್ಲ. ಅದು ಧರ್ಮಗ್ರಂಥದ ತುಂಬ ಅಲ್ಲೊಂದು ಇಲ್ಲೊಂದು ಚದರಿಕೊಂಡಿದೆ. ಆದ್ದರಿಂದ ಮೊದಲೇ ಆಯ್ದು ಇಟ್ಟುಕೊಳ್ಳಬೇಕು. ಅಡುಗೆ ಗೊತ್ತಿರುವವರು ಒಗ್ಗರಣೆಗೆ ಎಣ್ಣೆ ಕಾಯಿಸಿದ ಮೇಲೆ ಸಾಸಿವೆ ಡಬ್ಬಿ ಹುಡುಕುವುದಿಲ್ಲ.

ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವ ಆತ್ಮನ ಕತ್ತಿ ಕೂಡ ಇದೇ. ಅಲ್ಲಿನ ಗ್ರೀಕ್ ಪದ ಸೂಚಿಸುವುದು ಮೈಗೆ ಮೈ ತಾಗುವಷ್ಟು ಹತ್ತಿರದ ಕಾದಾಟದಲ್ಲಿ ಬಳಸುವ ಗಿಡ್ಡ ಕತ್ತಿಯನ್ನು. ‘ವಾಕ್ಯ’ ಎಂಬುದಕ್ಕೆ ಬಳಸಿದ ಪದ ಬಾಯಿಂದ ಹೊರಟ ಮಾತನ್ನು. ಸತ್ಯವೇದ ಮನೆಯಲ್ಲಿದೆ, ಫೋನಿನಲ್ಲೂ ಇದೆ ಎಂಬುದರಿಂದ ಕತ್ತಿ ಕೈಯಲ್ಲಿದೆ ಎಂದಾಗುವುದಿಲ್ಲ.

ಇನ್ನು ಯೋಚನೆ ಬರುವ ದಾರಿ. ಯಾಕೋಬನ ಪತ್ರದ 1:14-15ರಲ್ಲಿ ಒಂದು ಕ್ರಮವಿದೆ: ಆಶೆ ಎಳೆಯುತ್ತದೆ, ಮರುಳುಮಾಡುತ್ತದೆ, ಬಸುರಾಗುತ್ತದೆ, ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಮರಣವನ್ನು ಹೆರುತ್ತದೆ. ಮರುಳುಮಾಡುವುದು ಎಂಬಲ್ಲಿನ ಮೂಲ ಪದ ಗಾಳಕ್ಕೆ ಸಿಕ್ಕಿಸುವ ಎರೆಯದು. ಮರಳುಗಾಡಿನ ಪರಂಪರೆ ಇದನ್ನೇ ಇನ್ನಷ್ಟು ಬಿಡಿಸಿತು: ಮೊದಲು ಒಂದು ತಟ್ಟುವಿಕೆ, ಆಮೇಲೆ ಅದರೊಡನೆ ಮಾತುಕತೆ, ಆಮೇಲೆ ಒಪ್ಪಿಗೆ, ಆಮೇಲೆ ಸೆರೆ, ಕೊನೆಗೆ ಚಟ. ಎವಾಗ್ರಿಯಸ್ ಹೇಳುವ ಒಂದು ಮಾತು ಎಷ್ಟೋ ಜನರ ಎದೆಯ ಭಾರವನ್ನು ಇಳಿಸಬಲ್ಲದು. ಈ ಯೋಚನೆಗಳು ನಮ್ಮನ್ನು ತಟ್ಟುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಅವು ಒಳಗೆ ಉಳಿಯಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ತಟ್ಟಿದ್ದೇ ಪಾಪ ಎಂದುಕೊಂಡು ಕುಗ್ಗಿಹೋಗುವವರು ಹೇಗಿದ್ದರೂ ಕೆಟ್ಟೆನಲ್ಲ ಎಂದು ಬಾಗಿಲು ತೆರೆದುಬಿಡುತ್ತಾರೆ. ಸೂಕ್ಷ್ಮ ಮನಸ್ಸಿನ ವಿಶ್ವಾಸಿಗಳಿಗೆ ಆಗುವ ಅತಿ ದೊಡ್ಡ ಹಾನಿ ಇದೇ ಎಂಬುದು ನನ್ನ ಎಣಿಕೆ.

2 ಸಮುವೇಲ 11ರಲ್ಲಿ ದಾವೀದನ ಕಥೆಯನ್ನು ಈ ಕಣ್ಣಿನಿಂದ ನೋಡಿ. ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ಅವನು ಯೆರೂಸಲೇಮಿನಲ್ಲೇ ಉಳಿದ. ಸಂಜೆ ಹಾಸಿಗೆಯಿಂದ ಎದ್ದ. ಮಾಳಿಗೆಯ ಮೇಲೆ ತಿರುಗಾಡಿದ. ಕಂಡ. ಸ್ನಾನ ಮಾಡುತ್ತಿದ್ದ ಆ ಹೆಂಗಸು ಯಾರೆಂದು ವಿಚಾರಿಸಿದ. ಊರೀಯನ ಹೆಂಡತಿ ಎಂಬ ಉತ್ತರ ಬಂದರೂ ಕರೆಕಳುಹಿಸಿದ. ಆರು ಸಣ್ಣ ಕ್ರಿಯಾಪದಗಳು. ನಿಲ್ಲಲು ಅಷ್ಟೇ ಜಾಗಗಳಿದ್ದವು. ಕಣ್ಣಿಗೆ ಬಿದ್ದದ್ದು ತಟ್ಟುವಿಕೆ, ವಿಚಾರಿಸಿದ್ದು ಮಾತುಕತೆ.

ಹಾಗಾದರೆ ಒಬ್ಬ ವಿಶ್ವಾಸಿ ತನ್ನ ದಿನದಲ್ಲಿ ಇದನ್ನು ಹೇಗೆ ಕಟ್ಟಿಕೊಳ್ಳಬೇಕು? ವಚನ ಹುಡುಕುವುದರಿಂದ ಶುರುಮಾಡಬೇಡಿ. ಮೊದಲ ಏಳು ದಿನ ಬರೀ ಗಮನಿಸಿ. ಯೋಚನೆಗಳು ಯಾವ ಹೊತ್ತಿಗೆ ಏರುತ್ತವೆ, ಯಾವಾಗ ಇಳಿಯುತ್ತವೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ನೋಡಿಕೊ, ಕಾರಣವನ್ನು ಕ್ರಿಸ್ತನಲ್ಲಿ ಕೇಳು ಎಂಬುದು ಎವಾಗ್ರಿಯಸ್ ಅವರದೇ ಸಲಹೆ. ಕಿಸೆಯಲ್ಲಿ ಹಿಡಿಯುವ ಒಂದು ಪುಟ್ಟ ಪುಸ್ತಕ ಸಾಕು. ನಾಲ್ಕೇ ವಿಷಯ ಬರೆಯಿರಿ: ಗಂಟೆ ಎಷ್ಟು, ಎಲ್ಲಿದ್ದಿರಿ, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು, ಯೋಚನೆ ಮೊದಲು ಹೇಳಿದ ವಾಕ್ಯ ಯಾವುದು. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ಅದೇ ಮುಖ್ಯವಾದದ್ದು. ಮದ್ಯ ಬಿಡಲು ಹೊರಟವರ ಬಳಗಗಳಲ್ಲಿ ಹಸಿವು, ಕೋಪ, ಒಂಟಿತನ, ದಣಿವು ಈ ನಾಲ್ಕನ್ನು ಮೊದಲು ನೋಡಿಕೊಳ್ಳಿ ಎನ್ನುವುದುಂಟು. ಮಧ್ಯಾಹ್ನ ಊಟ ತಪ್ಪಿಸಿದ್ದು, ಅತ್ತೆಯೊಡನೆ ಆಡಿದ ಒಂದು ಮಾತು, ಎರಡನೇ ಪಾಳಿ ಮುಗಿಸಿ ಖಾಲಿ ಕೋಣೆಗೆ ಬಂದದ್ದು, ಇವುಗಳಲ್ಲಿ ಒಂದು ಅಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು.

ನಾಲ್ಕನೆಯದರಲ್ಲಿ, ಯೋಚನೆಯ ಮೊದಲ ವಾಕ್ಯದಲ್ಲಿ, ಸುಳ್ಳು ಅಡಗಿದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹಣದಾಸೆ ಬಂದು ‘ದುರಾಸೆ ಪಡು’ ಎಂದು ಯಾರಿಗೂ ಹೇಳುವುದಿಲ್ಲ. ಮರಳುಗಾಡಿನ ಸನ್ಯಾಸಿಗೆ ಅದು ಹೇಳುತ್ತಿದ್ದದ್ದು ದೀರ್ಘ ಮುಪ್ಪಿನ ಬಗ್ಗೆ, ಕೈಯಲ್ಲಿ ಕೆಲಸ ಮಾಡಲಾಗದ ದಿನಗಳ ಬಗ್ಗೆ, ಬರುವ ಬರಗಾಲ ಕಾಯಿಲೆಗಳ ಬಗ್ಗೆ, ಇನ್ನೊಬ್ಬರ ಮುಂದೆ ಕೈಚಾಚುವ ನಾಚಿಕೆಯ ಬಗ್ಗೆ. ಕಚೇರಿಯಲ್ಲಿ ಮೇಜಿನ ಕೆಳಗಿಂದ ಬಂದ ಲಕೋಟೆಯನ್ನು ನೋಡುವಾಗ ಬರುವ ಮಾತೂ ಅದೇ: ನಾಳೆ ಏನಾದರೂ ಆದರೆ ಯಾರು ನೋಡ್ತಾರೆ? ಇದಕ್ಕೆ ‘ಲಂಚ ತೆಗೆದುಕೊಳ್ಳಬಾರದು’ ಎಂಬ ಆಜ್ಞೆಯ ವಚನ ಸರಿಯೇ ಆದರೂ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಇಬ್ರಿಯ 13:5 ಉತ್ತರ. ದ್ರವ್ಯಾಶೆಯಿಲ್ಲದವರಾಗಿರಿ ಎಂದ ಬಾಯಲ್ಲೇ ಅದು ಕಾರಣವನ್ನೂ ಕೊಡುತ್ತದೆ: ನಾನು ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಎಂದು ದೇವರು ಹೇಳಿದ್ದಾನೆ. ವಚನ ಸುಳ್ಳಿಗೆ ಎದುರಾಗಿ ನಿಲ್ಲಬೇಕು. ಕೃತ್ಯವನ್ನು ಬೈಯುವ ವಚನ ಅಷ್ಟು ದೂರ ಹೋಗುವುದಿಲ್ಲ.

ರಾತ್ರಿ ಹನ್ನೊಂದರ ಮೇಲೆ ಫೋನ್ ಹಿಡಿದು ನೋಡಬಾರದ್ದನ್ನು ನೋಡುವವರಿಗೆ ಬರುವ ಮಾತು ಬಹಳ ಸಲ ಕಾಮದ್ದಾಗಿರುವುದಿಲ್ಲ. ಯಾರೂ ನೋಡುತ್ತಿಲ್ಲ, ನನ್ನನ್ನು ಕೇಳುವವರು ಯಾರಿದ್ದಾರೆ ಎಂಬ ಒಂಟಿತನದ ಮಾತು ಅದು. ಆದಿಕಾಂಡ 16:13ರಲ್ಲಿ ಮರುಭೂಮಿಯ ಬಾವಿಯ ಬಳಿ ಹಾಗರಳು ದೇವರಿಗೆ ‘ನನ್ನನ್ನು ನೋಡುವಾತ’ ಎಂಬ ಅರ್ಥದ ಹೆಸರಿಟ್ಟಳಲ್ಲ, ಅದು ಇಲ್ಲಿ ಎರಡೂ ಕಡೆ ಕೆಲಸ ಮಾಡುತ್ತದೆ. ನೋಡುತ್ತಿದ್ದಾನೆ ಎಂಬುದು ಎಚ್ಚರಿಕೆ. ಹಿಂಸೆ ತಾಳಲಾರದೆ ಓಡಿಬಂದವಳನ್ನೂ ನೋಡಿದ ಎಂಬುದು ಸಮಾಧಾನ. ಪ್ರಾರ್ಥನೆಗೆ ಮೊಣಕಾಲೂರಿದಾಗಲೇ ನೋಯಿಸಿದವರ ಮುಖವನ್ನು ತಂದು ನಿಲ್ಲಿಸುವುದು ಕೋಪದ ಅಭ್ಯಾಸ. ನಾನು ಬಿಟ್ಟುಕೊಟ್ಟರೆ ನ್ಯಾಯ ಮಾಡುವವರು ಯಾರು ಎಂದು ಅದು ಕೇಳುತ್ತದೆ. ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ದೇವರೇ ಹೇಳುವ ರೋಮಾಪುರದ ಪತ್ರದ 12:19 ಅದಕ್ಕೆ ನೇರ ಉತ್ತರ. ಸಂಬಳದ ದಿನ ‘ಇದೊಂದೇ ಸಲ’ ಎನ್ನುವ ಕುಡಿತಕ್ಕೆ ಜ್ಞಾನೋಕ್ತಿ 23:32 ಇದೆ: ಕಟ್ಟಕಡೆಗೆ ಅದು ಹಾವಿನಂತೆ ಕಚ್ಚುತ್ತದೆ. ಅದೇ ಅಧ್ಯಾಯದ ಕೊನೆಯ ವಚನದಲ್ಲಿ ಕುಡುಕ ಎದ್ದು ಮತ್ತೆ ಅದನ್ನೇ ಹುಡುಕುತ್ತೇನೆ ಎನ್ನುತ್ತಾನೆ. ‘ಒಂದೇ ಸಲ’ ಎಂಬ ಸುಳ್ಳಿಗೆ ಅದಕ್ಕಿಂತ ನೇರವಾದ ಸಾಕ್ಷಿ ಬೇಡ.

ಬೇಸರದ ಬಗ್ಗೆ ಬೇರೆಯೇ ಹೇಳಬೇಕು, ಏಕೆಂದರೆ ಅದನ್ನು ಶೋಧನೆ ಎಂದು ನಾವು ಗುರುತಿಸುವುದೇ ಇಲ್ಲ. ಗ್ರೀಕಿನಲ್ಲಿ ಅಕೀಡಿಯಾ. ಕೀರ್ತನೆ 91ರಲ್ಲಿ, ಹೌದು ಸೈತಾನ ಅರಣ್ಯದಲ್ಲಿ ಹೇಳಿದ ಅದೇ ಕೀರ್ತನೆಯಲ್ಲಿ, ನಡುಹಗಲಲ್ಲಿ ಹಾಳುಮಾಡುವ ಕೇಡಿನ ಮಾತಿದೆ. ಗ್ರೀಕ್ ಅನುವಾದ ಅದನ್ನು ಮಧ್ಯಾಹ್ನದ ಪಿಶಾಚಿ ಎಂದಿತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಹೊತ್ತು. ಸೂರ್ಯ ಕದಲುವುದಿಲ್ಲ, ದಿನಕ್ಕೆ ಐವತ್ತು ಗಂಟೆ ಇದ್ದಂತೆ ಅನ್ನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟು ಬಾಕಿ ಎಂದು ಹೊರಗೆ ಬಂದು ಬಿಸಿಲನ್ನು ಅಳೆಯುತ್ತಾನೆ, ಯಾರಾದರೂ ಬರುತ್ತಾರೋ ಎಂದು ಅತ್ತಿತ್ತ ಇಣುಕುತ್ತಾನೆ. ಈ ಜಾಗ ಸರಿಯಿಲ್ಲ, ಈ ಕೆಲಸ ಸರಿಯಿಲ್ಲ, ಈ ಜನರಲ್ಲಿ ಪ್ರೀತಿಯಿಲ್ಲ, ಇನ್ನೆಲ್ಲೋ ಹೋದರೆ ದೇವರನ್ನು ಚೆನ್ನಾಗಿ ಸೇವಿಸಬಹುದು ಎನ್ನಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಫೋನ್ ತೆಗೆದು ನೋಡುವ ಕೈಗೂ ವರ್ಷಕ್ಕೊಂದು ಸಭೆ ಬದಲಿಸುವ ಕಾಲಿಗೂ ಈ ವಿವರಣೆ ಹೊಂದುತ್ತದೆ. ಎವಾಗ್ರಿಯಸ್ ಕೊಟ್ಟ ಮದ್ದು: ಗುಡಿಸಲು ಬಿಟ್ಟು ಹೊರಡಬೇಡ, ಆತ್ಮವನ್ನು ಎರಡು ಮಾಡಿ ಒಂದು ಇನ್ನೊಂದನ್ನು ಸಂತೈಸಲಿ. ನನ್ನ ಮನವೇ, ನೀನು ಕುಗ್ಗಿಹೋಗಿರುವುದೇಕೆ ಎಂಬ ಕೀರ್ತನೆ 42ರ ಮಾತು ಇದಕ್ಕೆ. ಕೈಲಿದ್ದ ಕೆಲಸವನ್ನು ಇನ್ನು ಹದಿನೈದು ನಿಮಿಷ ಮುಂದುವರಿಸಿ ಆಮೇಲೆ ಏಳುವುದು ನಮ್ಮ ಕಾಲಕ್ಕೆ ಅದರ ರೂಪ.

ವಾರದ ಪುಸ್ತಕ ತುಂಬಿದ ಮೇಲೆ ಒಂದೇ ಯೋಚನೆಯನ್ನು ಆರಿಸಿ. ಮೂರು ನಾಲ್ಕನ್ನು ಒಟ್ಟಿಗೆ ಹಿಡಿಯಹೋದವರು ಎರಡು ವಾರಕ್ಕಿಂತ ಮುಂದೆ ಹೋಗುವುದು ಕಷ್ಟ. ಪುಟದ ಎಡಕ್ಕೆ ಸುಳ್ಳನ್ನು ಅದರದೇ ಮಾತಿನಲ್ಲಿ ಬರೆಯಿರಿ, ಬಲಕ್ಕೆ ಎರಡು ವಚನ. ಒಂದು ಒಂದೇ ಉಸಿರಿನಲ್ಲಿ ಹೇಳುವಷ್ಟು ಚಿಕ್ಕದಿರಲಿ, ಇನ್ನೊಂದು ಧ್ಯಾನಿಸಲು ಸ್ವಲ್ಪ ಉದ್ದದ್ದು. ಇಲ್ಲಿ ಭಾಷೆಯ ಮಾತೊಂದಿದೆ. ನಮ್ಮಲ್ಲಿ ಸಭೆಯಲ್ಲಿ ಕನ್ನಡ, ಮನೆಯಲ್ಲಿ ಕೊಂಕಣಿ, ತುಳು, ತಮಿಳು ಅಥವಾ ತೆಲುಗು ಆಡುವವರು ಬಹಳ. ಸುಳ್ಳು ಯಾವ ಭಾಷೆಯಲ್ಲಿ ಬರುತ್ತದೋ ಉತ್ತರವೂ ಆ ಭಾಷೆಯಲ್ಲಿ ಒಮ್ಮೆ ಹೇಳಿಕೊಳ್ಳಿ. ಹಳೆಯ ಸತ್ಯವೇದದ ‘ಬದುಕುವದಿಲ್ಲ’ದ ಗಾಂಭೀರ್ಯ ಬಾಯಿಪಾಠಕ್ಕೆ ಒಳ್ಳೆಯದು, ಅರ್ಥ ಮಾತ್ರ ಅಡುಗೆಮನೆಯ ಮಾತಿನಲ್ಲಿ ಒಳಗಿಳಿಯಬೇಕು.

ಬಾಯಿಪಾಠಕ್ಕೆ ಕೈಯಲ್ಲಿ ಬರೆದು ಗಟ್ಟಿಯಾಗಿ ಓದುವುದು ಸಾಕು. ಮೊದಲ ದಿನ, ಎರಡನೇ, ನಾಲ್ಕನೇ, ಏಳನೇ, ಹದಿನಾಲ್ಕನೇ ದಿನ ನೋಡದೆ ಹೇಳಿನೋಡಿ. ತಿಂಗಳಿಗೆ ನಾಲ್ಕು ವಚನಕ್ಕಿಂತ ಹೆಚ್ಚು ಬೇಡ.

ಬೆಳಿಗ್ಗೆಗೆ ಹನ್ನೆರಡು ನಿಮಿಷ, ಫೋನ್ ಮುಟ್ಟುವ ಮುಂಚೆ. ಎರಡು ನಿಮಿಷ ಸುಮ್ಮನೆ ಕೂತು ಇಂದಿನ ಗಂಟೆಗಳನ್ನು ಮನಸ್ಸಿನಲ್ಲಿ ನಡೆದು ಬನ್ನಿ. ಕಷ್ಟದ ಗಂಟೆ ಯಾವುದು ಎಂದು ಗುರುತಿಸಿ. ಐದು ನಿಮಿಷ ಸುವಾರ್ತೆಯ ಒಂದು ಭಾಗ. ಮೂರು ನಿಮಿಷ ಆ ಎರಡು ವಚನಗಳನ್ನು ಗಟ್ಟಿಯಾಗಿ. ಉಳಿದ ಎರಡರಲ್ಲಿ ಆ ಗಂಟೆಯ ಹೆಸರು ಹಿಡಿದು ಪ್ರಾರ್ಥನೆ: ಕರ್ತನೇ, ಇಂದು ಸಂಜೆ ಏಳಕ್ಕೆ ನಾನು ಬಸ್ ಇಳಿಯುವಾಗ. ಇಡೀ ದಿನವನ್ನು ಕಾಪಾಡು ಎಂಬುದಕ್ಕಿಂತ ಇದು ಹರಿತ.

ಹಗಲಿಗೂ ರಾತ್ರಿಗೂ ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲರ ವಿಧಾನದಷ್ಟು ಕರಾರುವಾಕ್ಕಾದದ್ದು ಇನ್ನೊಂದಿಲ್ಲ. 1548ರಲ್ಲಿ ಅಚ್ಚಾದ ಅವರ ಅಭ್ಯಾಸದ ಪುಸ್ತಕದಲ್ಲಿ ಒಂದೇ ದೋಷವನ್ನು ಹಿಡಿದು ದಿನಕ್ಕೆ ಮೂರು ಹೊತ್ತು ನೋಡಿಕೊಳ್ಳುವ ಕ್ರಮವಿದೆ. ಎದ್ದ ಕೂಡಲೇ ಸಂಕಲ್ಪ, ಮಧ್ಯಾಹ್ನದ ಊಟದ ಮೇಲೆ ಒಂದು ಲೆಕ್ಕ, ರಾತ್ರಿ ಊಟದ ಮೇಲೆ ಇನ್ನೊಂದು. ದಿನಕ್ಕೆ ಎರಡು ಗೆರೆ. ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕಿ, ಮಧ್ಯಾಹ್ನದವರೆಗಿನದು ಮೇಲಿನ ಗೆರೆಗೆ, ಆಮೇಲಿನದು ಕೆಳಗಿನದಕ್ಕೆ. ಬಿದ್ದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ಪಶ್ಚಾತ್ತಾಪ ಪಡುವುದು. ಜನರ ನಡುವೆಯೂ ಯಾರಿಗೂ ತಿಳಿಯದಂತೆ ಮಾಡಬಹುದು. ಚುಕ್ಕಿಗಳನ್ನು ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಬೇಕು. ಪ್ರೊಟೆಸ್ಟಂಟ್ ಸಭೆಯವರೂ ಇದನ್ನು ಅಳುಕಿಲ್ಲದೆ ಬಳಸಬಹುದು.

ತಟ್ಟಿದ ಕ್ಷಣದಲ್ಲಿ ಮಾಡುವುದು ಕೆಲವೇ ಸೆಕೆಂಡಿನ ಕೆಲಸ. ಹೆಸರಿಡಿ: ಇದು ಒಂಟಿತನದ ಸುಳ್ಳು. ಚಿಕ್ಕ ವಚನವನ್ನು ತುಟಿ ಅಲುಗುವಂತೆ ಹೇಳಿ. ಆಮೇಲೆ, ದೇವರೇ, ನನ್ನ ಸಹಾಯಕ್ಕೆ ಬೇಗನೆ ಬಾ ಎಂಬ ಕೀರ್ತನೆ 70ರ ಮೊದಲ ಸಾಲು. ಆಮೇಲೆ ಎದ್ದು ಜಾಗ ಬಿಡಿ. ಒಡೆಯನ ಹೆಂಡತಿ ಹಿಡಿದೆಳೆದಾಗ ಯೋಸೇಫ ಬಟ್ಟೆ ಬಿಟ್ಟು ಓಡಿದ. ವಾದ ಮಾಡುತ್ತ ನಿಲ್ಲಲಿಲ್ಲ.

ಇದು ಎಲ್ಲಿ ಕೆಡುತ್ತದೆ? ಮೊದಲನೆಯದು ವಾದ. ಹವ್ವಳು ಸರ್ಪಕ್ಕೆ ಉತ್ತರ ಕೊಡುತ್ತ ‘ಮುಟ್ಟಲೂ ಬಾರದು’ ಎಂದು ತನ್ನದೊಂದು ಮಾತನ್ನು ಸೇರಿಸಿದಳು, ಮಾತುಕತೆ ಉದ್ದವಾಯಿತು. ವಚನವನ್ನು ಒಮ್ಮೆ ಹೇಳಿ ತಿರುಗಿಬಿಡಬೇಕು. ಎರಡನೆಯದು ತಪ್ಪು ವಚನ. ಹತಾಶೆಯಲ್ಲಿರುವವರಿಗೆ ನ್ಯಾಯತೀರ್ಪಿನ ವಚನವನ್ನು ಕೊಡುವುದು ಜ್ವರ ಇರುವವರಿಗೆ ಕಂಬಳಿ ಹೊದಿಸಿದ ಹಾಗೆ. ಮೂರನೆಯದು ಅತಿ. ಕೆಲ್ಲಿಯಾದಲ್ಲಿ ಎವಾಗ್ರಿಯಸ್ ದಿನಕ್ಕೊಂದು ಪೌಂಡ್ ರೊಟ್ಟಿಯ ಮೇಲೆ ವರ್ಷಗಟ್ಟಲೆ ಬದುಕಿದರು, ಕೊನೆಗೆ ಹೊಟ್ಟೆ ಕೆಟ್ಟು ರೊಟ್ಟಿಯನ್ನೇ ಬಿಟ್ಟು ಬೇಯಿಸಿದ್ದನ್ನು ತಿನ್ನಬೇಕಾಯಿತು. ಹೊತ್ತಿಲ್ಲದ, ಅಳತೆಯಿಲ್ಲದ ಅಭ್ಯಾಸ ಬಹುಕಾಲ ಬಾಳದು ಎಂದು ಬರೆದವರೂ ಅವರೇ. ತಪಸ್ಸು ಕಾಲದ ಮೊದಲ ವಾರ ದಿನಕ್ಕೆ ಎರಡು ಗಂಟೆ ಕೂತವರು ಗರಿಗಳ ಭಾನುವಾರಕ್ಕೆ ಎಷ್ಟು ನಿಮಿಷಕ್ಕೆ ಇಳಿದಿದ್ದಾರೆ ಎಂದು ತಮ್ಮನ್ನೇ ಕೇಳಿಕೊಳ್ಳಲಿ.

ಗೆದ್ದ ಮರುದಿನ ಇನ್ನೊಂದು ಅಪಾಯ. ಎಲ್ಲ ಯೋಚನೆಗಳೂ ಸೋತ ಜಾಗಕ್ಕೆ ಹೊಗಳಿಕೆಯ ಹಂಬಲ ಬರುತ್ತದೆ. ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುವ ಅವಸರ ಅದರ ಗುರುತು. ಲೂಕ 4:13ರಲ್ಲಿ ಸೈತಾನ ಹೋದದ್ದು ‘ಸ್ವಲ್ಪ ಕಾಲ’ ಮಾತ್ರ.

ಮತ್ತೆ, ಗುಟ್ಟು. ಇಗ್ನೇಷಿಯಸ್ ವೈರಿಯನ್ನು ಮೋಸದ ಪ್ರಣಯಿಗೆ ಹೋಲಿಸುತ್ತಾರೆ: ತನ್ನ ಮಾತು ಮನೆಯವರಿಗೆ ತಿಳಿಯಬಾರದು ಎಂಬುದೇ ಅವನ ಮೊದಲ ಷರತ್ತು. ಎವಾಗ್ರಿಯಸ್ ಅವರ ಜ್ವರ ಇಳಿದದ್ದು ಬಾಯಿಬಿಟ್ಟ ಮೇಲೆ. ಕಥೋಲಿಕರಿಗೆ ಪಾಪನಿವೇದನೆ ಇದೆ; ಉಳಿದವರಿಗೆ ಯಾಕೋಬ 5:16 ಇದೆ, ಒಬ್ಬ ಹಿರಿಯರೋ ಒಬ್ಬ ಸ್ನೇಹಿತರೋ ಸಾಕು. ಆರಿಸುವಾಗ ನೋಡಬೇಕಾದದ್ದು ಒಂದೇ, ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದವರು. ದಿನವೂ ಕುಡಿಯದೆ ಕೈ ನಡುಗುವ ಹಂತಕ್ಕೆ ಬಂದವರು, ವಾರಗಟ್ಟಲೆ ಹಾಸಿಗೆಯಿಂದ ಏಳಲಾಗದವರು ಇದರ ಜೊತೆಗೆ ವೈದ್ಯರ ಬಳಿಯೂ ಹೋಗಬೇಕು. ದೀರ್ಘಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು; ವಚನ ಹೇಳಿಕೊಂಡು ಮನೆಯಲ್ಲೇ ತಡೆದುಕೊಳ್ಳಿ ಎಂದು ಅವರಿಗೆ ಯಾರೂ ಹೇಳಕೂಡದು.

ಇನ್ನು ಬಿದ್ದ ರಾತ್ರಿ. ಬಿದ್ದದ್ದಕ್ಕಿಂತ ಆಮೇಲಿನ ನಾಲ್ಕು ದಿನ ಮಾಡುವ ಹಾನಿ ದೊಡ್ಡದು. ನಾಚಿಕೆಯಿಂದ ಬೆಳಗಿನ ಹನ್ನೆರಡು ನಿಮಿಷ ತಪ್ಪುತ್ತದೆ, ಭಾನುವಾರದ ಆರಾಧನೆ ತಪ್ಪುತ್ತದೆ, ಚುಕ್ಕಿಯ ಪುಸ್ತಕ ಬೀರುವಿನೊಳಗೆ ಸೇರುತ್ತದೆ. ಆದ್ದರಿಂದ ಪುಸ್ತಕ ಶುರುಮಾಡುವ ದಿನವೇ, ಏನೂ ಆಗುವ ಮುಂಚೆ, ಅದರ ಕೊನೆಯ ಪುಟವನ್ನು ಬರೆದಿಡಿ. ಎಡಕ್ಕೆ: ಎಲ್ಲ ಮುಗಿಯಿತು, ಯಾವ ಮುಖ ಹೊತ್ತು ಪ್ರಾರ್ಥಿಸುತ್ತೀ ಎಂದು ಹೇಳುವ ಯೋಚನೆಗೆ ಎದುರಾಗಿ. ಬಲಕ್ಕೆ ಮೀಕ 7:8: ನನ್ನ ಶತ್ರುವೇ, ಹಿಗ್ಗಬೇಡ, ಬಿದ್ದಿದ್ದರೂ ಏಳುವೆನು. ಅದರ ಕೆಳಗೆ ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಕೂರುತ್ತೀರಿ ಎಂಬುದನ್ನೂ ಬರೆಯಿರಿ.